ಮನೆಯಲ್ಲಿ ಕಲಿತ ವಿದ್ಯೆಗೆ ಸಾಕ್ಷಿ

ಮಕ್ಕಳ ಭವಿಷ್ಯದ ವಿಷಯವಾಗಿ ನಮ್ಮಲ್ಲಿಗೆ ಬರುವ ಕಾಗದಗಳಲ್ಲಿ ಬಹುಪಾಲು ಯಾವ ಕಾಲೇಜಿಗೆ ಸೇರಿಸಬೇಕು, ಯಾವ ಪರೀಕ್ಷೆಗೆ ಕೂರಿಸಬೇಕು ಎಂಬ ಪ್ರಶ್ನೆಗಳನ್ನೇ ಹೊತ್ತು ತರುತ್ತವೆ. ಈ ತಿಂಗಳು ರಾಯಚೂರಿನ ಸಮೀಪದ ಕಲ್ಮಲದಿಂದ ಗೃಹಸ್ಥರೊಬ್ಬರು ಬರೆದಿರುವ ಕಾಗದವು ಬೇರೆ ಬಗೆಯದು. ಅವರ ಹೆಸರನ್ನು ಪ್ರಕಟಿಸುವುದು ಯುಕ್ತವಲ್ಲ. ಆದರೆ ಅವರ ಸಂಕಟವು ಇಂದು ಅನೇಕ ಮನೆಗಳ ಸಂಕಟವಾಗಿರುವುದರಿಂದ, ಅವರ ಒಪ್ಪಿಗೆಯನ್ನು ಪಡೆದು ಸಂಗತಿಯನ್ನು ವಾಚಕರ ಮುಂದಿಡುತ್ತಿದ್ದೇವೆ.

ಅವರ ಮಗನು ೨೦೨೧ನೆಯ ಇಸವಿಯಲ್ಲಿ ಬಿ.ಕಾಂ. ಪರೀಕ್ಷೆಯನ್ನು ಮುಗಿಸಿದನು. ಅದರ ಹಿಂದಿನ ವರ್ಷ ಕೋವಿಡ್ ನಿಮಿತ್ತವಾಗಿ ಕಾಲೇಜುಗಳು ಮುಚ್ಚಿದ್ದಾಗ, ಯಾರೋ ಬಳಸಿ ಬಿಟ್ಟ ಲ್ಯಾಪ್‌ಟಾಪೊಂದನ್ನು ಕೊಂಡು, ವೆಬ್‌ಸೈಟುಗಳನ್ನು ರಚಿಸುವ ಕೆಲಸವನ್ನು ತಾನಾಗಿಯೇ ಕಲಿತನು. ಮೊದಲು ಊರಿನ ಬೀಜ-ಗೊಬ್ಬರದ ಅಂಗಡಿಗೊಂದು ವೆಬ್‌ಸೈಟನ್ನು ಮಾಡಿಕೊಟ್ಟನು. ಅದನ್ನು ನೋಡಿದವರು ಮತ್ತೊಬ್ಬರಿಗೆ ಹೇಳಿದರು. ಹೀಗೆ ರಾಯಚೂರಿನ ಒಂದು ಅಕ್ಕಿಗಿರಣಿ, ಮಾನ್ವಿಯ ಒಂದು ಖಾಸಗಿ ಶಾಲೆ, ದೇವದುರ್ಗದ ಒಂದು ಕಲ್ಯಾಣಮಂಟಪ ಇವೇ ಮೊದಲಾಗಿ ನಾಲ್ಕು ವರ್ಷಗಳಲ್ಲಿ ೧೧ ಕೆಲಸಗಳನ್ನು ಪೂರೈಸಿದನು. ಸಂಭಾವನೆಯು ಒಂದು ಕಡೆ ೪,೦೦೦ ರೂಪಾಯಿ, ಇನ್ನೊಂದು ಕಡೆ ೧೫,೦೦೦ ರೂಪಾಯಿ; ಒಮ್ಮೆ ಮಾತ್ರ ಹಣಕ್ಕೆ ಬದಲಾಗಿ ಒಂದು ಮೂಟೆ ಅಕ್ಕಿ ಮನೆಗೆ ಬಂದಿತಂತೆ.

ಈಗ ಮಗನು ಬೆಂಗಳೂರಿನಲ್ಲಾಗಲಿ ಹೈದರಾಬಾದಿನಲ್ಲಾಗಲಿ ಒಂದು ನೆಲೆಯಾದ ಉದ್ಯೋಗವನ್ನು ಬಯಸುತ್ತಾನೆ. ಮೂವತ್ತಕ್ಕೂ ಮಿಕ್ಕಿ ಅರ್ಜಿಗಳನ್ನು ಕಳುಹಿಸಿದರೂ ಒಂದಕ್ಕೂ ಉತ್ತರ ಬರಲಿಲ್ಲ. ಆ ಅರ್ಜಿಯೊಡನೆ ಕಳುಹಿಸಿದ ರೆಸ್ಯೂಮಿನ ಪ್ರತಿಯನ್ನು ತಂದೆಯವರು ನಮಗೂ ಕಳುಹಿಸಿದ್ದಾರೆ. ಅದರಲ್ಲಿ 'ಅನುಭವ' ಎಂಬ ತಲೆಬರಹದ ಕೆಳಗೆ 'ಇಲ್ಲ' ಎಂದು ಬರೆದಿದೆ! ಇಷ್ಟರಲ್ಲಿ ಪರಿಚಯದವರೊಬ್ಬರು ಬಂದು, ೨೫,೦೦೦ ರೂಪಾಯಿ ಕೊಟ್ಟರೆ ಒಂದು ಕಂಪನಿಯಲ್ಲಿ ಮೂರು ವರ್ಷ ನೌಕರಿ ಮಾಡಿದನೆಂಬ ಪ್ರಮಾಣಪತ್ರವನ್ನೂ ಸಂಬಳದ ಚೀಟಿಗಳನ್ನೂ ಮಾಡಿಸಿಕೊಡುವುದಾಗಿ ಹೇಳಿದ್ದಾರೆ. 'ನಾಲ್ಕು ವರ್ಷ ಮನೆಯಲ್ಲಿ ಕುಳಿತಿದ್ದನೆಂದು ಹೇಳಿಕೊಳ್ಳುವುದಕ್ಕಿಂತ ಇದು ಲೇಸಲ್ಲವೆ? ಹಣವನ್ನು ಹೊಂದಿಸಿಟ್ಟಿದ್ದೇನೆ, ತಮ್ಮ ಅಭಿಪ್ರಾಯಕ್ಕಾಗಿ ಕಾದಿದ್ದೇನೆ' ಎಂದು ಆ ತಂದೆ ಕೇಳುತ್ತಾರೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಕೊಡಬೇಡಿರಿ. ಆ ಹಣ ಮನೆಯಲ್ಲಿಯೇ ಇರಲಿ.

ಇದಕ್ಕೆ ವ್ಯವಹಾರದ ಕಾರಣವೊಂದುಂಟು, ಅದಕ್ಕಿಂತ ದೊಡ್ಡ ಕಾರಣ ಇನ್ನೊಂದುಂಟು. ವ್ಯವಹಾರದ ಮಾತನ್ನು ಮೊದಲು ನೋಡೋಣ. ೨೦ ಅಥವಾ ಹೆಚ್ಚು ಮಂದಿ ನೌಕರರಿರುವ ಸಂಸ್ಥೆಗಳಿಗೆ ಭವಿಷ್ಯನಿಧಿಯ ಕಾನೂನು ಸಾಮಾನ್ಯವಾಗಿ ಅನ್ವಯಿಸುತ್ತದೆ. ೨೦೧೪ರಿಂದ ಈಚೆಗೆ ಆ ನಿಧಿಯ ಸದಸ್ಯನಾದವನಿಗೆ ಯು.ಎ.ಎನ್. ಎಂಬ ಒಂದೇ ಸಂಖ್ಯೆಯನ್ನು ಕೊಡಲಾಗುತ್ತಿದ್ದು, ಅವನು ಯಾವ ಸಂಸ್ಥೆಯಲ್ಲಿ ಎಂದಿನಿಂದ ಎಂದಿನವರೆಗೆ ಇದ್ದನೆಂಬುದು ಆ ಸಂಖ್ಯೆಯ ಕೆಳಗೆ ದಾಖಲಾಗುತ್ತದೆ. ಕೆಲಸಕ್ಕೆ ತೆಗೆದುಕೊಳ್ಳುವ ದೊಡ್ಡ ಸಂಸ್ಥೆಗಳು ಹಿಂದಿನ ನೌಕರಿಯನ್ನು ಪರಿಶೀಲಿಸುವಾಗ ಈ ದಾಖಲೆಯನ್ನು ಕೇಳುವುದುಂಟು. ಸಂಬಳವು ಬ್ಯಾಂಕಿಗೆ ಜಮೆಯಾದುದನ್ನು ತೋರಿಸೆಂದು ಹೇಳುವುದೂ ಉಂಟು. ಪ್ರಮಾಣಪತ್ರವನ್ನು ಅಚ್ಚು ಹಾಕಿಸಬಹುದು, ಮೂರು ವರ್ಷದ ಬ್ಯಾಂಕಿನ ಲೆಕ್ಕವನ್ನು ಅಚ್ಚು ಹಾಕಿಸಲಾಗುವುದಿಲ್ಲ. ಕೆಲಸ ಸಿಕ್ಕಿದ ಮೇಲೆ ಸುಳ್ಳು ಹೊರಬಿದ್ದರೆ ಕೆಲಸವೂ ಹೋಗುವುದು, ಮತ್ತೊಂದು ಬಾಗಿಲನ್ನು ತಟ್ಟುವ ಧೈರ್ಯವೂ ಹೋಗುವುದು. ಸುಳ್ಳು ದಸ್ತೈವಜನ್ನು ತಯಾರಿಸುವುದೂ ನಿಜವೆಂದು ಬಳಸುವುದೂ ಕಾನೂನಿನ ದೃಷ್ಟಿಯಲ್ಲಿ ಅಪರಾಧಗಳೆಂಬುದನ್ನು ಬೇರೆಯಾಗಿ ಹೇಳಬೇಕಾದುದಿಲ್ಲ.

ದೊಡ್ಡ ಕಾರಣವು ಇದು. ಆ ಸುಳ್ಳು ಪತ್ರವನ್ನು ಹಿಡಿದ ದಿನವೇ ಹುಡುಗನು ತನ್ನ ನಿಜವಾದ ನಾಲ್ಕು ವರ್ಷಗಳನ್ನು ತಾನೇ ಅಳಿಸಿಹಾಕಬೇಕಾಗುತ್ತದೆ. ಕಂಪನಿಯಲ್ಲಿದ್ದೆನೆಂದು ಹೇಳಿದ ಮೇಲೆ, ಅದೇ ತಿಂಗಳುಗಳಲ್ಲಿ ಮಾನ್ವಿಯ ಶಾಲೆಗಾಗಿ ರಾತ್ರಿಗಳನ್ನು ಕಳೆದೆನೆಂದು ಹೇಳುವಂತಿಲ್ಲ. ಮಾಡದ ಕೆಲಸಕ್ಕೆ ಹಣ ತೆತ್ತು ಸಾಕ್ಷಿ ತಂದು, ಮಾಡಿದ ಕೆಲಸದ ಸಾಕ್ಷಿಯನ್ನು ಮುಚ್ಚಿಡುವುದಕ್ಕಿಂತ ವಿಪರೀತವು ಬೇರೆ ಯಾವುದಿದೆ? 'ಮನೆಯಲ್ಲಿ ಕುಳಿತಿದ್ದನು' ಎಂಬ ಮಾತೇ ನಿಜವಲ್ಲ. ಅವನು ಮನೆಯಲ್ಲಿ ಕುಳಿತು ಕೆಲಸ ಮಾಡುತ್ತಿದ್ದನು. ಈ ಎರಡರ ನಡುವಿನ ಅಂತರವನ್ನು ರೆಸ್ಯೂಮಿನಲ್ಲಿ ತೋರಿಸುವುದು ಹೇಗೆಂಬುದೇ ಇಂದಿನ ನಮ್ಮ ವಿಷಯ.

ಶಾಲೆಯಿಲ್ಲದೆ ಕಲಿತ ವಿದ್ಯೆಗೆ ಬೆಲೆಯುಂಟೇ ಎಂಬ ಸಂದೇಹವನ್ನು ಮೊದಲು ತೆಗೆದುಹಾಕಬೇಕು. ನಮ್ಮ ಹಳ್ಳಿಗಳ ಬಡಿಗನು ಯಾವ ಪ್ರಮಾಣಪತ್ರವನ್ನೂ ಗೋಡೆಗೆ ತೂಗುಹಾಕಿಲ್ಲ. ಅವನು ಮಾಡಿದ ಕೂರಿಗೆಯನ್ನು ಹೊಲದಲ್ಲಿ ಹೊಡೆದಾಗ ಸಾಲು ನೇರವಾಗಿ ಬಿದ್ದಿತೇ, ಕಾಳು ಸಮನಾಗಿ ಇಳಿಯಿತೇ ಎಂಬುದೇ ಅವನ ಪರೀಕ್ಷೆ. ವೆಬ್‌ಸೈಟಿನ ಕಸಬೂ ಹುಟ್ಟಿದ್ದು ಹೀಗೆಯೇ. ಸ್ವಿಟ್ಜರ್ಲೆಂಡಿನ ಸೆರ್ನ್ ಎಂಬ ವಿಜ್ಞಾನಸಂಸ್ಥೆಯಲ್ಲಿದ್ದ ಟಿಮ್ ಬರ್ನರ್ಸ್-ಲೀ ಅವರು ೧೯೯೧ರಲ್ಲಿ ಜಗತ್ತಿನ ಮೊದಲ ವೆಬ್‌ಸೈಟನ್ನು ಹೊರಜಗತ್ತಿಗೆ ತೆರೆದರು; ಅವರು ಕಾಲೇಜಿನಲ್ಲಿ ಓದಿದುದು ಭೌತಶಾಸ್ತ್ರ. ೧೯೯೩ರ ಏಪ್ರಿಲ್ ೩೦ರಂದು ಆ ಸಂಸ್ಥೆಯು ಈ ವಿದ್ಯೆಯನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದೆಂದು ಸಾರಿತು. ಪುಟಗಳ ಅಂದಚೆಂದವನ್ನು ನಿಯಮಿಸುವ ಸಿ.ಎಸ್.ಎಸ್. ಎಂಬ ಭಾಷೆಯ ಸೂಚನೆ ಬಂದುದು ೧೯೯೪ರಲ್ಲಿ. ಅಂದು ಇದನ್ನು ಕಲಿಸುವ ಕಾಲೇಜೆಲ್ಲಿತ್ತು? ಒಬ್ಬರ ಪುಟವು ಒಳಗೆ ಹೇಗೆ ಕಟ್ಟಲ್ಪಟ್ಟಿದೆಯೆಂದು ತೆರೆದು ನೋಡಿ, ಇನ್ನೊಬ್ಬರು ಕಲಿತರು. ತಾನಾಗಿ ಕಲಿತೆನೆಂಬುದು ಈ ಕಸಬಿನಲ್ಲಿ ನಾಚಿಕೆಯ ಮಾತಲ್ಲ, ಅದು ಆ ಕಸಬಿನ ಕುಲಾಚಾರವೆಂದರೂ ಸಲ್ಲುತ್ತದೆ.

ಹಾಗಾದರೆ ಬರೆಯುವ ಕ್ರಮವೇನು? ಮೊದಲನೆಯದಾಗಿ, ಬಿಡಿಬಿಡಿಯಾದ ಹನ್ನೊಂದು ಕೆಲಸಗಳನ್ನು ಹನ್ನೊಂದು ನೌಕರಿಗಳಂತೆ ಬರೆಯತಕ್ಕದ್ದಲ್ಲ. ಎಲ್ಲವನ್ನೂ ಒಂದೇ ಉದ್ಯೋಗವಾಗಿ ಭಾವಿಸಿ, 'ಅನುಭವ' ಎಂಬ ತಲೆಬರಹದ ಕೆಳಗೆಯೇ ಒಂದು ಸಾಲನ್ನು ಬರೆಯಬೇಕು: 'ಸ್ವತಂತ್ರ ವೆಬ್ ವಿನ್ಯಾಸಕ, ಕಲ್ಮಲ ಮತ್ತು ರಾಯಚೂರು, ಜೂನ್ ೨೦೨೧ರಿಂದ ಈವರೆಗೆ.' ರೆಸ್ಯೂಮನ್ನು ಇಂಗ್ಲಿಷಿನಲ್ಲಿ ಬರೆಯುವಾಗ 'ಫ್ರೀಲಾನ್ಸ್ ವೆಬ್ ಡಿಸೈನರ್' ಎಂದರೆ ಸಾಕು. ಒಬ್ಬನೇ ಮಾಡಿದ ಕೆಲಸಕ್ಕೆ 'ಸಂಸ್ಥಾಪಕ' ಎಂದೋ 'ಮುಖ್ಯ ಕಾರ್ಯನಿರ್ವಾಹಕ' ಎಂದೋ ಬಿರುದು ಕಟ್ಟಿಕೊಂಡರೆ, ಓದುವವನು ನಕ್ಕು ಬದಿಗಿಡುತ್ತಾನೆ. ತಿಂಗಳು ಮತ್ತು ಇಸವಿಯನ್ನು ಕಾಣಿಸಲೇಬೇಕು. ಕೆಲಸವಿಲ್ಲದೆ ಕಳೆದ ತಿಂಗಳುಗಳಿದ್ದರೆ ಕೇಳಿದಾಗ ಹಾಗೆಂದೇ ಹೇಳಬೇಕು.

ಎರಡನೆಯದಾಗಿ, ಹನ್ನೊಂದರಲ್ಲಿ ಒಳ್ಳೆಯವಾದ ಮೂರನ್ನೋ ನಾಲ್ಕನ್ನೋ ಆರಿಸಿ, ಒಂದೊಂದಕ್ಕೂ ಎರಡು ಮೂರು ಸಾಲುಗಳನ್ನು ಕೊಡಬೇಕು. ಆ ಸಾಲುಗಳು ನಾಲ್ಕು ಪ್ರಶ್ನೆಗಳಿಗೆ ಉತ್ತರವಾಗಿರಬೇಕು. ಕೆಲಸ ಯಾರಿಗಾಗಿ? ಅವರಿಗಿದ್ದ ಅಡಚಣೆ ಏನು? ಇವನು ಮಾಡಿದುದೇನು? ಅದರಿಂದ ಆದುದೇನು? ಈ ಹುಡುಗನು ತನ್ನ ರೆಸ್ಯೂಮಿನ ಕೊನೆಯ ಮೂಲೆಯಲ್ಲಿ, ಹವ್ಯಾಸಗಳ ಪಟ್ಟಿಯಲ್ಲಿ, ಕ್ರಿಕೆಟ್ಟಿನ ಪಕ್ಕದಲ್ಲಿ, 'ವೆಬ್‌ಸೈಟ್ ಮಾಡಲು ಬರುತ್ತದೆ' ಎಂದು ಬರೆದುಕೊಂಡಿದ್ದಾನೆ. ಅದೇ ಸಂಗತಿಯನ್ನು ತಂದೆಯವರ ಕಾಗದದಿಂದ ತಿಳಿದಷ್ಟರ ಆಧಾರದ ಮೇಲೆ ನಾವು ಹೀಗೆ ಬರೆದು ನೋಡಿದೆವು:

'ಬೀಜ-ಗೊಬ್ಬರದ ಅಂಗಡಿಯ ವೆಬ್‌ಸೈಟ್, ೨೦೨೧. ರೈತರು ಬೆಲೆಯನ್ನು ಕೇಳಲು ದಿನವೂ ದೂರವಾಣಿ ಮಾಡಬೇಕಾಗಿತ್ತು. ಅಂಗಡಿಯವರು ತಾವೇ ಬೆಲೆಗಳನ್ನು ಬದಲಾಯಿಸಬಹುದಾದ ಕನ್ನಡದ ಪುಟವನ್ನು, ಮೊಬೈಲಿನಲ್ಲಿ ಓದಲು ಅನುಕೂಲವಾಗುವಂತೆ, ವರ್ಡ್‌ಪ್ರೆಸ್ಸಿನಲ್ಲಿ ರಚಿಸಿದೆ. ಚಿತ್ರಗಳ ಭಾರವನ್ನು ಇಳಿಸಿ, ಪುಟವು ತೆರೆಯಲು ೯ ಸೆಕೆಂಡು ಹಿಡಿಯುತ್ತಿದ್ದುದನ್ನು ೩ ಸೆಕೆಂಡಿಗೆ ತಂದೆ. ಇಂದಿಗೂ ಅಂಗಡಿಯವರೇ ನಡೆಸುತ್ತಿದ್ದಾರೆ.'

ಇದರಲ್ಲಿ ಉತ್ಪ್ರೇಕ್ಷೆಯಿಲ್ಲ, ವಿನಯದ ಸೋಗೂ ಇಲ್ಲ. 'ಪರಿಶ್ರಮಿ', 'ಸೃಜನಶೀಲ', 'ತಂಡದೊಡನೆ ಹೊಂದಿಕೊಳ್ಳುವವನು' ಎಂಬ ವಿಶೇಷಣಗಳ ಮಾಲೆಗಿಂತ, ಅಂಗಡಿಯವರು ತಾವೇ ಬೆಲೆ ಬದಲಾಯಿಸುತ್ತಾರೆಂಬ ಒಂದು ಮಾತು ಹೆಚ್ಚನ್ನು ಹೇಳುತ್ತದೆ. ಅಂಕಿಗಳನ್ನು ಬರೆಯುವಾಗ ಮಾತ್ರ ಎಚ್ಚರ ಬೇಕು. ಅಳೆದು ನೋಡಿದುದನ್ನೇ ಬರೆಯಬೇಕು. 'ವ್ಯಾಪಾರವು ಇಮ್ಮಡಿಯಾಯಿತು' ಎಂದು ಬರೆದವನನ್ನು 'ಅದು ನಿನ್ನ ಪುಟದಿಂದಲೋ, ಆ ವರ್ಷದ ಮಳೆಯಿಂದಲೋ?' ಎಂದು ಕೇಳಿದರೆ ಉತ್ತರವೇನು?

ಮೂರನೆಯದಾಗಿ, ತನ್ನ ಪಾಲೆಷ್ಟು, ಇತರರ ಪಾಲೆಷ್ಟು ಎಂಬುದನ್ನು ಮರೆಮಾಡಬಾರದು. ಸಿದ್ಧವಾಗಿ ಸಿಕ್ಕುವ ವಿನ್ಯಾಸದ ಅಚ್ಚನ್ನು ತಂದು ತಿದ್ದಿದುದಾದರೆ ಹಾಗೆಂದೇ ಬರೆಯಲಿ. ತಿದ್ದುವುದೂ ಒಂದು ವಿದ್ಯೆಯೇ. ಗೆಳೆಯನು ಚಿತ್ರಗಳನ್ನು ಬರೆದುಕೊಟ್ಟಿದ್ದರೆ ಅವನ ಪಾಲನ್ನು ಅವನಿಗೆ ಕೊಡಲಿ. ೨೦೨೨ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಕಂಪ್ಯೂಟರೇ ಪುಟದ ಸಂಕೇತಗಳನ್ನು ಬರೆದುಕೊಡುವಂತಾಗಿದೆ. ಅಂಥ ನೆರವನ್ನು ಪಡೆದುದರಲ್ಲಿ ತಪ್ಪಿಲ್ಲ. ಆದರೆ ಸಂದರ್ಶನದಲ್ಲಿ ಕುಳಿತವರು 'ಈ ಸಾಲು ಇಲ್ಲೇಕೆ ಇದೆ?' ಎಂದು ಕೇಳಿದಾಗ ಬಾಯಿ ಕಟ್ಟುವಂತಹ ಕೆಲಸವನ್ನು ತನ್ನದೆಂದು ತೋರಿಸಬಾರದು. ಸಂಭಾವನೆಯಿಲ್ಲದೆ ಮಾಡಿದ ಕೆಲಸವನ್ನೂ ಬರೆಯಬಹುದು, ಅದರ ಮುಂದೆ 'ಸಂಭಾವನೆಯಿಲ್ಲದೆ' ಎಂದಿರಲಿ. ಅಭ್ಯಾಸಕ್ಕಾಗಿ ಕಲ್ಪಿಸಿ ಮಾಡಿದ ಪುಟಗಳಿದ್ದರೆ ಅವನ್ನು 'ಅಭ್ಯಾಸದ ಕೆಲಸ' ಎಂದು ಬೇರೆಯಾಗಿ ಇಡಬೇಕು; ಇಲ್ಲದ ಅಂಗಡಿಯನ್ನು ಇರುವ ಗಿರಾಕಿಯೆಂದು ತೋರಿಸಿದರೆ ಇರುವ ಗಿರಾಕಿಗಳ ಮೇಲೂ ಸಂಶಯ ಹುಟ್ಟುತ್ತದೆ.

ನಾಲ್ಕನೆಯದು ಕಲಿಕೆಯ ಮಾತು. ಪದವಿಯನ್ನು ಮರೆಸಬೇಕಾದುದಿಲ್ಲ. 'ವಿದ್ಯಾಭ್ಯಾಸ' ಎಂಬಲ್ಲಿ ಬಿ.ಕಾಂ. ಎಂದು ಬರೆದು, ಅದರ ಕೆಳಗೆ ಸ್ವಂತವಾಗಿ ಕಲಿತುದನ್ನು ಒಂದೆರಡು ಸಾಲುಗಳಲ್ಲಿ ಹೇಳಬೇಕು: ಎಚ್.ಟಿ.ಎಂ.ಎಲ್., ಸಿ.ಎಸ್.ಎಸ್., ಜಾವಾಸ್ಕ್ರಿಪ್ಟ್, ಇವುಗಳಲ್ಲಿ ಯಾವುದನ್ನು ಎಲ್ಲಿ ಪ್ರಯೋಗಿಸಿದನೆಂಬುದು ಕೆಲಸಗಳ ವಿವರದಲ್ಲಿಯೇ ಕಾಣುವಂತಿರಬೇಕು. ಪ್ರಮಾಣಪತ್ರವೇ ಬೇಕೆನಿಸಿದರೆ ಅದಕ್ಕೂ ನೇರವಾದ ದಾರಿಯುಂಟು. ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ನಡೆಸುವ ಎನ್‌ಪಿಟೆಲ್ ಪಾಠಗಳನ್ನೂ, ಕೇಂದ್ರ ಸರ್ಕಾರವು ೨೦೧೭ರಲ್ಲಿ ಆರಂಭಿಸಿದ ಸ್ವಯಂ ಎಂಬ ವ್ಯವಸ್ಥೆಯ ಪಾಠಗಳನ್ನೂ ಮನೆಯಲ್ಲಿದ್ದೇ ಶುಲ್ಕವಿಲ್ಲದೆ ಕಲಿಯಬಹುದು. ನಿಯಮಿಸಿದ ಪರೀಕ್ಷಾಶುಲ್ಕವನ್ನು ತೆತ್ತು, ಕೇಂದ್ರಕ್ಕೆ ಹೋಗಿ ಬರೆದು ತೇರ್ಗಡೆಯಾದರೆ ಪ್ರಮಾಣಪತ್ರ ದೊರೆಯುತ್ತದೆ. ಇಪ್ಪತ್ತೈದು ಸಾವಿರದ ಸುಳ್ಳು ಪತ್ರಕ್ಕಿಂತ ಇದು ಎಷ್ಟೋ ಅಗ್ಗ, ಎಷ್ಟೋ ಗಟ್ಟಿ.

ನಮ್ಮ ಕಡೆಯ ತರುಣರು ತಮ್ಮಲ್ಲಿರುವ ಒಂದು ವಿಶೇಷ ಬಲವನ್ನು ಬರೆಯಲು ಮರೆಯುತ್ತಾರೆ, ಅದು ಕನ್ನಡ. ಯೂನಿಕೋಡ್ ಎಂಬ ಅಂತಾರಾಷ್ಟ್ರೀಯ ಅಕ್ಷರಪಟ್ಟಿಯಲ್ಲಿ ಕನ್ನಡವು ೧೯೯೧ರ ಮೊದಲ ಆವೃತ್ತಿಯಿಂದಲೇ ಇದೆ. ಆದರೂ ಹಳೆಯ ನುಡಿ, ಶ್ರೀಲಿಪಿ ಮೊದಲಾದ ಅಕ್ಷರವಿನ್ಯಾಸಗಳಲ್ಲಿ ಟೈಪು ಮಾಡಿದ ಬರಹವು ಕಚೇರಿಗಳಲ್ಲಿಯೂ ಮುದ್ರಣಾಲಯಗಳಲ್ಲಿಯೂ ಹೇರಳವಾಗಿ ಉಳಿದಿದೆ. ಅದನ್ನು ಹಾಗೆಯೇ ವೆಬ್‌ಸೈಟಿಗೆ ಹಾಕಿದರೆ ಅರ್ಥವಿಲ್ಲದ ಗುರುತುಗಳ ರಾಶಿ ಕಾಣುತ್ತದೆ. ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರಗಳು ಸರಿಯಾಗಿ ಕೂತಿವೆಯೇ ಎಂದು ಒಂದೊಂದಾಗಿ ನೋಡಬೇಕು. ಮಾನ್ವಿಯ ಶಾಲೆಯ ಹಳೆಯ ಪ್ರಕಟಣೆಗಳನ್ನು ಈ ಹುಡುಗನು ಹೀಗೆಯೇ ಪರಿವರ್ತಿಸಿದನಂತೆ. ಇದನ್ನು ರೆಸ್ಯೂಮಿನಲ್ಲಿ ಹೇಳಲಿಲ್ಲವೇಕೆಂದು ಕೇಳಿದುದಕ್ಕೆ, 'ಅದರಲ್ಲೇನಿದೆ, ಯಾರಾದರೂ ಮಾಡುತ್ತಾರೆ' ಎಂದನೆಂದು ತಂದೆಯವರು ತಿಳಿಸಿದ್ದಾರೆ. ಯಾರಾದರೂ ಮಾಡುವುದಿಲ್ಲ. ಕನ್ನಡದ ಪುಟಗಳನ್ನು ಹೊರತರುವ ಸಂಸ್ಥೆಗಳಿಗೆ ಇಂಥವನೇ ಬೇಕು.

ಇನ್ನು ಸಾಕ್ಷಿಯ ವಿಚಾರ. ರಾಯಚೂರಿನ ಕೋಟೆಯನ್ನು ನೋಡಿದ ವಾಚಕರಿಗೆ ಅಲ್ಲಿಯ ಗೋಡೆಯಲ್ಲಿರುವ ನಲವತ್ತು ಅಡಿಗೂ ಮಿಕ್ಕ ಉದ್ದದ ಕಲ್ಲು ನೆನಪಿರಬಹುದು. ಅದರ ಮೇಲಿನ ತೆಲುಗು ಶಾಸನವು ಕೋಟೆಯ ನಿರ್ಮಾಣವನ್ನು ೧೨೯೪ನೆಯ ಇಸವಿಗೆ ಸೇರಿಸುತ್ತದೆ. ಅಷ್ಟು ದೊಡ್ಡ ಕಲ್ಲನ್ನು ಬಂಡಿಯ ಮೇಲೆ ಹೇರಿ, ಕೋಣಗಳ ಸಾಲನ್ನು ಹೂಡಿ ಎಳೆತಂದ ಬಗೆಯನ್ನೂ ಅಲ್ಲಿಯೇ ಚಿತ್ರವಾಗಿ ಕೆತ್ತಿದ್ದಾರೆ. ಕಟ್ಟಿಸಿದವರ ಹೆಸರು, ಕಾಲ, ಕೆಲಸ ನಡೆದ ರೀತಿ, ಎದುರಿಗೆ ನಿಂತ ಕಲ್ಲು. ಇದಕ್ಕೆ ಬೇರೆ ಪ್ರಮಾಣಪತ್ರ ಬೇಕೆ? ಸ್ವತಂತ್ರವಾಗಿ ದುಡಿದವನೂ ತನ್ನ ಕೆಲಸಕ್ಕೆ ಇದೇ ಬಗೆಯ ಆಧಾರಗಳನ್ನು ಜೋಡಿಸಿಡಬೇಕು. ವೆಬ್‌ಸೈಟಿನ ವಿಳಾಸವನ್ನು ರೆಸ್ಯೂಮಿನಲ್ಲಿ ಕೊಟ್ಟು, ಕಳುಹಿಸುವ ದಿನ ಅದು ತೆರೆಯುತ್ತದೆಯೇ ಎಂದು ನೋಡಬೇಕು. ಗಿರಾಕಿಯು ನವೀಕರಿಸದೆ ಕೆಲವು ಸೈಟುಗಳು ಮುಚ್ಚಿಹೋಗುವುದುಂಟು. ಅಂಥವುಗಳ ಚಿತ್ರಗಳನ್ನು ಮೊದಲೇ ತೆಗೆದಿಟ್ಟಿರಬೇಕು, ಇಲ್ಲವೆ ಇಂಟರ್‌ನೆಟ್ ಆರ್ಕೈವ್ ಎಂಬ ಸಂಸ್ಥೆಯು ೨೦೦೧ರಲ್ಲಿ ಸಾರ್ವಜನಿಕರಿಗೆ ತೆರೆದ ವೇಬ್ಯಾಕ್ ಮೆಷಿನ್ ಎಂಬ ಭಂಡಾರದಲ್ಲಿ ಹಳೆಯ ಪ್ರತಿ ಉಳಿದಿದೆಯೇ ಎಂದು ಹುಡುಕಬೇಕು. ಕೊಟ್ಟ ಬಿಲ್ಲುಗಳು, ಯು.ಪಿ.ಐ. ಮೂಲಕ ಬಂದ ಹಣದ ಲೆಕ್ಕ, ಕೆಲಸ ಒಪ್ಪಿಸಿದ ಇಮೇಲುಗಳು, ಇವೆಲ್ಲವೂ ತಾರೀಖಿನ ಸಾಕ್ಷಿಗಳು. ಇವನ್ನು ರೆಸ್ಯೂಮಿಗೆ ಲಗತ್ತಿಸಬೇಕಾದುದಿಲ್ಲ. ಕೇಳಿದರೆ ತೋರಿಸುವಂತೆ ಕೈಗೆಟುಕುವಲ್ಲಿರಬೇಕು.

ಸಂತುಷ್ಟನಾದ ಗಿರಾಕಿಯಿಂದ ನಾಲ್ಕು ಸಾಲಿನ ಪತ್ರವನ್ನು ಕೇಳಿ ಪಡೆಯುವುದರಲ್ಲಿ ಸಂಕೋಚ ಬೇಡ. ಶಾಲೆಯ ಮುಖ್ಯಸ್ಥರು ತಮ್ಮ ಕಾಗದದ ಮೇಲೆ, ಇಂಥ ತಿಂಗಳಿನಲ್ಲಿ ಇಂಥ ಕೆಲಸವನ್ನು ಮಾಡಿಕೊಟ್ಟನು, ಹೇಳಿದ ದಿನಕ್ಕೆ ಒಪ್ಪಿಸಿದನು, ಎಂದು ಬರೆದು ಸಹಿ ಮಾಡಿದರೆ ಅದೇ ನಿಜವಾದ ಅನುಭವಪತ್ರ. ಆದರೆ ಗಿರಾಕಿಯ ಹೆಸರನ್ನೂ ದೂರವಾಣಿಯನ್ನೂ ಅವರನ್ನು ಕೇಳದೆ ಬರೆಯುವುದು ಮರ್ಯಾದೆಯಲ್ಲ. ಹೆಸರು ಬೇಡವೆಂದವರ ಕೆಲಸವನ್ನು 'ರಾಯಚೂರಿನ ಒಂದು ಅಕ್ಕಿಗಿರಣಿ' ಎಂದಷ್ಟೇ ಬರೆದರೂ ಸಾಗುತ್ತದೆ.

ರೆಸ್ಯೂಮಿನ ಹೊರರೂಪದ ಬಗ್ಗೆ ಒಂದು ಮಾತು. ವಿನ್ಯಾಸಕನೆಂದು ತೋರಿಸುವ ಉತ್ಸಾಹದಲ್ಲಿ ಬಣ್ಣದ ಪಟ್ಟಿಗಳನ್ನೂ ನಕ್ಷತ್ರಗಳನ್ನೂ ತುಂಬಿಸುವವರಿದ್ದಾರೆ. ದೊಡ್ಡ ಸಂಸ್ಥೆಗಳಲ್ಲಿ ಅರ್ಜಿಗಳನ್ನು ಮನುಷ್ಯನಿಗಿಂತ ಮೊದಲು ಕಂಪ್ಯೂಟರು ಓದುವುದುಂಟು. ಚಿತ್ರದೊಳಗೆ ಸಿಕ್ಕಿಕೊಂಡ ಅಕ್ಷರಗಳು ಅದಕ್ಕೆ ಕಾಣದೆ ಹೋಗಬಹುದು. ಒಂದು ಅಥವಾ ಎರಡು ಪುಟ, ಸರಳವಾದ ತಲೆಬರಹಗಳು, ತಪ್ಪಿಲ್ಲದ ಕಾಗುಣಿತ ಇಷ್ಟು ಸಾಕು. ಕೈಚಳಕವನ್ನು ಕೆಲಸದ ಪುಟಗಳಲ್ಲಿ ತೋರಿಸಲಿ.

ಕೊನೆಯದಾಗಿ ಕಲ್ಮಲದ ಆ ತಂದೆಗೆ ನಮ್ಮದೊಂದು ವಿಜ್ಞಾಪನೆ. ಮನೆಗೆ ಬಂದ ನೆಂಟರು 'ಮಗ ಏನು ಮಾಡುತ್ತಾನೆ?' ಎಂದು ಕೇಳಿದಾಗ ತಾವು 'ಮನೆಯಲ್ಲೇ ಇದ್ದಾನೆ' ಎಂದು ಉತ್ತರಿಸುತ್ತಿದ್ದುದಾಗಿ ತಾವೇ ಬರೆದಿದ್ದೀರಿ. ಹುಡುಗನು 'ಅನುಭವ: ಇಲ್ಲ' ಎಂದು ಬರೆದುದು ಆ ಮಾತನ್ನು ಕೇಳಿ ಕೇಳಿಯೇ ಇರಬೇಕೆಂದು ನಮಗೆ ತೋರುತ್ತದೆ. ತಂದೆಯಾದವರು ಕೆಲಸವೆಂದು ಒಪ್ಪದುದನ್ನು ಮಗನು ಅಪರಿಚಿತರ ಮುಂದೆ ಕೆಲಸವೆಂದು ಹೇಗೆ ಸಾರಿಯಾನು? ಆದುದರಿಂದ ಒಂದು ಸಂಜೆ ಬಿಡುವು ಮಾಡಿಕೊಂಡು ಮಗನೊಡನೆ ಕುಳಿತುಕೊಳ್ಳಿರಿ. ಅವನ ಹನ್ನೊಂದು ಕೆಲಸಗಳನ್ನೂ ಒಂದೊಂದಾಗಿ ತೆರೆದು ತೋರಿಸಲು ಹೇಳಿರಿ. ಯಾರಿಗೆ, ಎಂದು, ಎಷ್ಟಕ್ಕೆ ಎಂಬುದನ್ನು ತಾವೇ ಒಂದು ಹಾಳೆಯಲ್ಲಿ ಬರೆದುಕೊಳ್ಳಿರಿ. ಅಕ್ಕಿಯ ಮೂಟೆಯನ್ನೂ ಬಿಡಬೇಡಿರಿ. ಆ ಹಾಳೆಯಿಂದಲೇ ಹೊಸ ರೆಸ್ಯೂಮು ಹುಟ್ಟುತ್ತದೆ. ಮೊದಲ ಅರ್ಜಿಗೇ ಉದ್ಯೋಗ ದೊರೆಯುವುದೆಂದು ನಾವು ಭರವಸೆ ಕೊಡಲಾರೆವು, ಯಾರೂ ಕೊಡಲಾರರು. ಆದರೆ ಕರೆ ಬಂದ ದಿನ ಅವನು ತಲೆಯೆತ್ತಿ ಕುಳಿತು, ಕೇಳಿದ ಪ್ರಶ್ನೆಗೆಲ್ಲ ನಡೆದುದನ್ನು ನಡೆದಂತೆ ಹೇಳಬಲ್ಲನು. ಮುಂದಿನ ಸಲ ನೆಂಟರು ಕೇಳಿದಾಗ ತಾವೂ ಹಾಗೆಯೇ ಉತ್ತರಿಸುವಿರೆಂದು ನಂಬಿದ್ದೇವೆ.